ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು

ಮೊದಲೇ ಹೇಳಿಬಿಡುತ್ತೇನೆ, ನನ್ನ ಎಡಗಿವಿ ಮುಕ್ಕಾಲು ಸತ್ತಿದೆ,
ಎಡಗಡೆಯ ಗಿಟಾರಿನವನಿಗೆ ನನ್ನಿಂದ ನ್ಯಾಯ ಸಿಗದು.
ಉಳಿದವರು ಬನ್ನಿ, ಒಬ್ಬೊಬ್ಬರಾಗಿ.

‘ಸೀಸದ ಭಾನುವಾರ’: ಒಳ್ಳೆಯ ಆಲ್ಬಮ್ಮು, ಐದನೇ ಹಾಡಿನವರೆಗೆ.
ಆರನೆಯದರಲ್ಲಿ ಪಿಟೀಲು ಬರುತ್ತದೆ,
ಸಾಲ ಕೇಳಲು ಬಂದ ನೆಂಟನ ಹಾಗೆ, ಬಾಗಿಲ ಸಂದಿಯಲ್ಲಿ, ಮೆಲ್ಲಗೆ.
ಆಮೇಲೆ ಎದ್ದು ಹೋಗುವುದೇ ಇಲ್ಲ.

‘ಬೂದಿಯ ವ್ಯಾಕರಣ’:
ಡ್ರಮ್ಮಿನವನಿಗೆ ಎರಡು ಕಾಲಿವೆ ಎಂಬುದಕ್ಕೆ
ಐವತ್ತೆರಡು ನಿಮಿಷದ ರುಜುವಾತು.
ನಂಬಿದೆನಪ್ಪಾ, ಮೊದಲ ನಿಮಿಷಕ್ಕೇ ನಂಬಿದ್ದೆ.

‘ರಕ್ತಪಟ್ಟಾಭಿಷೇಕ’, ಉತ್ತರದ ಹುಡುಗರದು:
ಹೊದಿಕೆಯ ಮೇಲೆ ಮುಖಕ್ಕೆ ಮಸಿ ಬಳಿದುಕೊಂಡು
ಹಿಮದಲ್ಲಿ ನಿಂತಿದ್ದಾರೆ, ಹಲ್ಲು ಕಿರಿದು.
ಮಸಿ ಅಂದರೆ ಏನೆಂದು ನನ್ನನ್ನು ಕೇಳಿ.
ಮೂವತ್ತೊಂದು ವರ್ಷ ಕಾಟೊವಿತ್ಸೆಯ ಆಚೆ
ಕಲ್ಲಿದ್ದಲ ಗಣಿಯ ದೀಪದ ಕೋಣೆಯಲ್ಲಿದ್ದೆ.
ಕಿಟಕಿಯಿಂದ ದೀಪ ಕೊಡುವುದು,
ಕಿಟಕಿಯಿಂದ ದೀಪ ಇಸಿದುಕೊಳ್ಳುವುದು.
ಇಳಿಯುವಾಗ ಹೆಸರಿದ್ದವರು
ಹತ್ತಿ ಬರುವಾಗ ಬರೀ ನಂಬರು.
ಎಷ್ಟು ಉಜ್ಜಿದರೂ ಅದು ರೆಪ್ಪೆಯ ಬುಡದಲ್ಲಿ ಉಳಿದು
ನಮ್ಮೂರ ಮದುವೆ ಫೋಟೋಗಳಲ್ಲಿ
ಗಂಡಸರೆಲ್ಲ ಕಾಡಿಗೆ ಹಚ್ಚಿಕೊಂಡಂತೆ.
ಇವರದು ಬೆವರಿಗೇ ಇಳಿಯುತ್ತದೆ.
ಆದರೂ ನಾಲ್ಕನೇ ಹಾಡು, ಸುಳ್ಳು ಯಾಕೆ ಹೇಳಲಿ,
ಅದನ್ನು ಕೇಳುತ್ತ ಒಮ್ಮೆ ಟ್ರಾಮಿನಿಂದ ಇಳಿಯುವುದನ್ನೇ ಮರೆತೆ.

‘ಮರಳಿ ಸಿಂಹಾಸನಕ್ಕೆ’:
ಇಪ್ಪತ್ತು ವರ್ಷ ಕೋರ್ಟಿನಲ್ಲಿ ಕಚ್ಚಾಡಿ ಒಂದಾದವರದು.
ಹಳಸಿದ್ದಕ್ಕೆ ಒಗ್ಗರಣೆ.
ಇದಕ್ಕಿಂತ ಪಕ್ಕದ ಮನೆಯ ರೋಸ್ವಿತಾ ವಾಸಿ,
ನಾನು ದನಿ ಏರಿಸಿದ ಕೂಡಲೇ ಗೋಡೆಗೆ ಪೊರಕೆಯ ಹಿಡಿ ಬಡಿಯುತ್ತಾಳೆ
ತಾಳ ತಪ್ಪದೆ.
ಹತ್ತರಲ್ಲಿ ಏಳು, ರೋಸ್ವಿತಾಗೆ.

ಬಾಸ್ ಗಿಟಾರು ಕೇಳಿಸದ ಆಲ್ಬಮ್ಮುಗಳ ಬಗ್ಗೆ
ನನಗೆ ಅಭಿಪ್ರಾಯವಿಲ್ಲ.
ಬ್ಯಾಟರಿಯಿಲ್ಲದ ದೀಪವನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ.

ಇನ್ನು ‘ನಾಲ್ಕನೇ ಪಾಳಿ’.
ಗಣಿಯಲ್ಲಿದ್ದದ್ದು ಮೂರೇ ಪಾಳಿ,
ನಾಲ್ಕನೆಯದು ನಮ್ಮ ಹುಡುಗರೇ ಹುಟ್ಟಿಸಿಕೊಂಡದ್ದು:
ಕಾರ್ಮಿಕರ ಸ್ನಾನದ ಮನೆ, ಶನಿವಾರ ರಾತ್ರಿ,
ಬಿಳಿ ಟೈಲಿನ ಗೋಡೆ, ಒಂದು ಟೇಪ್ ರೆಕಾರ್ಡರು, ಎರಡು ಮೈಕು.
ಬೀಗದ ಕೈ ಕೊಟ್ಟವಳು ನಾನು. ಈಗ ಹೇಳಿದರೆ ಯಾರ ಕೆಲಸವೂ ಹೋಗುವುದಿಲ್ಲ,
ಗಣಿಯೇ ಹೋಯಿತಲ್ಲ.
ಇನ್ನೂರು ಕ್ಯಾಸೆಟ್ಟು ಮಾಡಿದರು, ನೂರ ಎಂಬತ್ತು ಉಳಿದವು.
ಹಾಡುವವನಿಗೆ ನೆಗಡಿ. ಗಿಟಾರು ಶ್ರುತಿಗೆ ಹತ್ತಿರ, ಹತ್ತಿರ ಅಷ್ಟೆ.
ಡ್ರಮ್ಮು ನೋರ್ಬರ್ಟನದು, ದೀಪ ನಂಬರು ನಾನೂರ ಹದಿನೇಳು,
ಪ್ರತಿ ಹಾಡಿನಲ್ಲೂ ಕೊನೆಗೆ ಕೊಂಚ ಅವಸರ,
ಬಸ್ಸು ಹೊರಟುಬಿಡುತ್ತದೆ ಎಂಬಂತೆ.
ಮತ್ತು ಎಡಗಡೆಯಲ್ಲಿ, ಉದ್ದಕ್ಕೂ,
ಯಾರೋ ಸರಿಯಾಗಿ ಮುಚ್ಚದ ನಲ್ಲಿ.
ಅದಕ್ಕೆ ತನ್ನದೇ ಲೆಕ್ಕ.
ಮೂರನೇ ಹಾಡಿನಲ್ಲಿ ಮಾತ್ರ, ಎಲ್ಲ ನಿಧಾನವಾಗುವ ಕಡೆ,
ನಾಲ್ಕು ಹನಿ ಸರಿಯಾಗಿ ತಾಳಕ್ಕೆ ಬೀಳುತ್ತವೆ.
ಐದನೆಯದು ತಪ್ಪುತ್ತದೆ.

ನೋರ್ಬರ್ಟ್ ಈಗ ಜರ್ಮನಿಯ ಬೋಖುಮಿನಲ್ಲಿ
ಟೈಲಿನ ಅಂಗಡಿ ಇಟ್ಟಿದ್ದಾನೆ, ನಗಬೇಡಿ.
ಹೋದ ತಿಂಗಳು ಅವನಿಂದ ಸಿ.ಡಿ. ಬಂತು,
ಕಂಪ್ಯೂಟರಿನಲ್ಲಿ ತೊಳೆದು ಒಣಗಿಸಿದ ‘ನಾಲ್ಕನೇ ಪಾಳಿ’.
ಜೊತೆಗೊಂದು ಚೀಟಿ: ‘ಕೇಳು ಟ್ರೂದಾ, ಈಗ ಎಲ್ಲ ಕೇಳಿಸುತ್ತದೆ.’

ಎಲ್ಲ ಕೇಳಿಸಿತು.
ಅವಸರವಿಲ್ಲ. ನೆಗಡಿಯಿಲ್ಲ.
ಮೂರನೇ ಹಾಡಿನಲ್ಲಿ ನಾನು ಒಂದು, ಎರಡು, ಮೂರು, ನಾಲ್ಕು
ಎಂದು ಬೆರಳು ಮಡಚುತ್ತ ಕೂತೆ.

‘ತುಂಬಾ ಚೆನ್ನಾಗಿದೆ’ ಎಂದು ಅವನಿಗೆ ಬರೆದೆ.
ನನ್ನ ಅಭಿಪ್ರಾಯಗಳಲ್ಲಿ ಸುಳ್ಳು ಅದೊಂದೇ.

ಕ್ಯಾಸೆಟ್ಟಿನ ಟೇಪು ಸವೆದಿದೆ, ಪೆನ್ಸಿಲ್ ತೂರಿಸಿ ಬಿಗಿ ಮಾಡುತ್ತೇನೆ.
ಆಮೇಲೆ ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಬಲಗಿವಿಗೆ ಹಾಕಿಕೊಂಡರೆ
ಹಾಡೆಲ್ಲ ಸತ್ತ ಕಿವಿಯ ಕಡೆ ಸರಿಯುತ್ತದೆ.
ಈಚೆ ನಲ್ಲಿ.